ಪುಟ್ಟಗೌರಮ್ಮನ ಬಲಗೈ

ಬಿಳಿಗೆರೆಯ ಪುಟ್ಟಗೌರಮ್ಮನ ಮನೆಯ ಅಟ್ಟದ ಮೇಲೆ ಇಲಿ ಕೂಡ ಅಪ್ಪಣೆ ಕೇಳಿಯೇ ಓಡಾಡುತ್ತದೆ ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ತಮಾಷೆಯೇನೋ ಸರಿ, ಆದರೆ ಅದರಲ್ಲಿ ಸುಳ್ಳು ಹೆಚ್ಚಿರಲಿಲ್ಲ. ತೋಟದ ತೆಂಗಿನಕಾಯಿ ಕೀಳಿಸಿ ಅಟ್ಟಕ್ಕೆ ಹಾಕಿದ ಮೇಲೆ ಅದು ನಾರಿನ ಮಟ್ಟೆಯೊಳಗೇ ನೀರು ಬತ್ತಿ, ಒಲೆಯ ಹೊಗೆಯ ಬಿಸಿಗೆ ಒಣಗಿ, ಕರಟದಿಂದ ತಾನಾಗಿ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಆ ವರ್ಷವೆಲ್ಲ ಕಾಯನ್ನು ಯಾರೂ ಮುಟ್ಟುವಂತಿಲ್ಲ, ಹೊರಳಿಸುವಂತಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವಂತಿಲ್ಲ. ಅಲ್ಲಾಡಿಸಿದರೆ ಒಳಗೇ ಕೊಳೆಯುತ್ತದೆ ಎಂಬುದು ಅವಳ ನಂಬಿಕೆ. ಅವಳ ಅತ್ತೆಯ ನಂಬಿಕೆಯೂ ಅದೇ ಆಗಿತ್ತು. "ಅಟ್ಟಕ್ಕಾಕಿದ್ದನ್ನ ಮರ್ತುಬುಡಬೇಕು ಕಣವ್ವ. ಆದಾಗ ಅದೇ ಕರೀತದೆ" ಎನ್ನುತ್ತಿದ್ದಳು ಪುಟ್ಟಗೌರಮ್ಮ.

ವರ್ಷ ತುಂಬಿ, ಆಳುಗಳು ಮಟ್ಟೆ ಸುಲಿದು ರಾಶಿ ಹಾಕಿದ ಮೇಲೆ ಪುಟ್ಟಗೌರಮ್ಮ ಕಲ್ಲು ಹಾಕಿಕೊಂಡು ಕೂತಳೆಂದರೆ ನೋಡಬೇಕಿತ್ತು. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು. ಮಚ್ಚಿನ ಬೆನ್ನಿನಿಂದ ಕರಟದ ಸುತ್ತ ಟಕಟಕನೆ ತಟ್ಟಿದರೆ ಕರಟ ಬಿಟ್ಟುಕೊಂಡು ಒಳಗಿನ ಉಂಡೆ ಒಂದು ಗೀರೂ ಇಲ್ಲದೆ ಮಡಿಲಿಗೆ ಬೀಳುತ್ತಿತ್ತು. ತಿಪಟೂರಿನ ಮಂಡಿಯಲ್ಲಿ ಉಂಡೆಗೂ ಒಡಕಿಗೂ ಬೆಲೆಯಲ್ಲಿ ಅಜಗಜಾಂತರ. ಬಿಳಿಗೆರೆಯಲ್ಲಿ ಕರಟ ಒಡೆಯುವ ಹೆಂಗಸರು ಬೇಕಾದಷ್ಟಿದ್ದರು, ಆದರೆ ಇವಳ ರಾಶಿಯಲ್ಲಿ ಒಡಕು ಹುಡುಕುವುದೇ ಮಂಡಿಯವರಿಗೆ ಒಂದು ಆಟವಾಗಿತ್ತು. ಗಂಡ ತೀರಿಕೊಂಡ ಮೇಲೂ ಆ ಮನೆ ತಲೆ ಎತ್ತಿ ನಿಂತದ್ದು ಆ ಬಲಗೈಯಿಂದ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು, ಯಾರೂ ಕೇಳದಿದ್ದರೂ.

ಇಂಥ ಅತ್ತೆಗೆ ಸೊಸೆಯಾಗಿ ಬಂದವಳು ಹಂದನಕೆರೆಯ ಚಿಕ್ಕಗಂಗಮ್ಮ, ಒಬ್ಬನೇ ಮಗ ನಂಜುಂಡಪ್ಪನ ಹೆಂಡತಿ. ಬಂದ ಹೊಸತರಲ್ಲಿ ಅವಳೂ ಕಲ್ಲಿನ ಮುಂದೆ ಕೂತು ಮಚ್ಚು ಹಿಡಿದಳು. ಹಿಡಿದ ದಿನ ಅವಳ ಮುಂದೆ ಬಿದ್ದದ್ದೆಲ್ಲ ಚೂರು. ಹೊಸಬಳು, ಕಲಿಯಲಿ ಎಂದು ಸುಮ್ಮನಿರಬಹುದಿತ್ತು. ಪುಟ್ಟಗೌರಮ್ಮ ಸುಮ್ಮನಿರುವ ಪೈಕಿಯಲ್ಲ. ಕೆಲಸಕ್ಕೆ ಬಂದ ಹೆಂಗಸರೆಲ್ಲ ಕೂತಿದ್ದಾಗಲೇ, "ಅದು ಕೈಯಲ್ಲ ಕಣ್ರವ್ವ, ಒನಕೆ. ರಾಗಿ ಕುಟ್ಟೋಕೆ ಕೂರಿಸ್ರಿ" ಎಂದುಬಿಟ್ಟಳು. ಹೆಂಗಸರು ನಕ್ಕರು. ಚಿಕ್ಕಗಂಗಮ್ಮ ಮಚ್ಚನ್ನು ಕಲ್ಲಿನ ಪಕ್ಕ ಇಟ್ಟು ಎದ್ದು ಹೋದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಮೇಲೆ ಎರಡು ಮಕ್ಕಳಾದವು, ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವಾದವು, ಅವಳು ಮತ್ತೆ ಆ ಕಲ್ಲಿನ ಹತ್ತಿರ ಸುಳಿಯಲಿಲ್ಲ. ಅತ್ತೆ ಸೊಸೆಯರಲ್ಲಿ ಜಗಳವೇನೂ ಇರಲಿಲ್ಲ. ಜಗಳವಿದ್ದರೆ ಎಷ್ಟೋ ವಾಸಿಯಾಗಿತ್ತು. "ಉಣ್ಣಿ ಅತ್ತೆ", "ನೀರು ಕಾದದೆ", "ದನ ಬಂದ್ವು". ದಿನವೆಲ್ಲ ಇಷ್ಟೇ ಮಾತು.

ಎಂಬತ್ತೆರಡನೆಯ ಇಸವಿಯ ಆಷಾಢದ ಗಾಳಿಗೆ ಒಂದು ಹೆಂಚು ಜರುಗಿ ಅಟ್ಟದ ಕಾಯಿಯ ಮೇಲೆ ನೀರು ತೊಟ್ಟಿಕ್ಕತೊಡಗಿತು. ನಂಜುಂಡಪ್ಪ ಹೊಲಕ್ಕೆ ಹೋಗಿದ್ದ. "ನಾನು ಹತ್ತಿ ಸರಿ ಮಾಡ್ತೀನಿ" ಎಂದಳು ಚಿಕ್ಕಗಂಗಮ್ಮ.

"ನಿನ್ ಕೈ ತಾಕಿದ್ದು ಉಳಿದದ್ದುಂಟಾ? ಏಣಿ ಹಿಡ್ಕೊ, ಸಾಕು" ಎಂದು ಪುಟ್ಟಗೌರಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಹತ್ತಿದಳು. ಅರವತ್ತು ದಾಟಿದ ಹೆಂಗಸು. ಮೇಲಿನ ಮೆಟ್ಟಿಲೊಂದನ್ನು ಗೆದ್ದಲು ಒಳಗೊಳಗೇ ತಿಂದಿತ್ತು. ಅದು ಮುರಿಯಿತು. ಬಲಗೈಯನ್ನು ಅಡಿಗೆ ಹಾಕಿಕೊಂಡು ಅವಳು ನೆಲಕ್ಕೆ ಬಿದ್ದಳು.

ಚಿಕ್ಕಗಂಗಮ್ಮ ಏಣಿಯನ್ನು ಬಿಟ್ಟಿರಲಿಲ್ಲ. ಅದು ಪುಟ್ಟಗೌರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಬೀಳುವಾಗ ಅವಳಿಗೆ ಕಂಡದ್ದೇ ಏಣಿಯನ್ನು ಎರಡು ಕೈಯಲ್ಲೂ ತಬ್ಬಿ ನಿಂತ ಸೊಸೆಯ ಬಿಳುಚಿದ ಮುಖ. ಆದರೆ ಪಕ್ಕದ ಮನೆಯ ರಾಮಕ್ಕ ಓಡಿ ಬಂದು, "ಏಣಿ ಯಾರು ಹಿಡ್ದಿದ್ರೇ?" ಎಂದು ಕೇಳಿದಾಗ ನೋವಿಗೆ ಹಲ್ಲು ಕಚ್ಚಿಕೊಂಡಿದ್ದವಳು "ಗಂಗ" ಎಂದಳು, ಅಷ್ಟೇ. ಮಿಕ್ಕದ್ದು ಹೇಳಲಿಲ್ಲ. ರಾಮಕ್ಕನಿಗೆ ಅಷ್ಟು ಸಾಕಾಗಿತ್ತು. ಸಂಜೆಯೊಳಗೆ, ಸೊಸೆ ಏಣಿ ಕೈಬಿಟ್ಟಳಂತೆ ಎಂಬ ಸುದ್ದಿ ಕೆರೆಯ ಏರಿಯವರೆಗೆ ಹೋಗಿ ಬಂತು.

ಮಂಡಿಗೆ ಹೊರಟಿದ್ದ ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ನಂಜುಂಡಪ್ಪ ತಾಯಿಯನ್ನು ತಿಪಟೂರಿಗೆ ಕರೆದುಕೊಂಡು ಹೋದ. ಅಲ್ಲಿನ ಆಸ್ಪತ್ರೆಯೊಂದಕ್ಕೆ ವಾರಕ್ಕೊಮ್ಮೆ ತುಮಕೂರಿನಿಂದ ಮೂಳೆ ಡಾಕ್ಟರು ಬರುತ್ತಿದ್ದರು. ಅದೃಷ್ಟಕ್ಕೆ ಅವತ್ತು ಅವರು ಬರುವ ದಿನವೇ ಆಗಿತ್ತು. ಎಕ್ಸ್‌ರೇ ಫೋಟೋ ತೆಗೆಸಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ತೋಳಿನ ಮೂಳೆ ಭುಜದ ಗುಂಡಿನ ಕೆಳಗೆ ಮುರಿದು, ಒಂದು ತುಂಡು ಇನ್ನೊಂದರ ಪಕ್ಕಕ್ಕೆ ಜರುಗಿತ್ತು.

"ಇದಕ್ಕೆ ಎರಡು ದಾರಿ ಇದೆ" ಎಂದರು ಡಾಕ್ಟರು. "ಬೆಂಗಳೂರಿಗೆ ಕರ್ಕೊಂಡು ಹೋಗಿ, ಭುಜ ತೆರೆದು ಪ್ಲೇಟು, ಸ್ಕ್ರೂ ಹಾಕಿಸಬಹುದು. ಆದ್ರೆ ಈ ವಯಸ್ಸಿನ ಮೂಳೆ ಒಳಗೆ ಟೊಳ್ಳಾಗಿರುತ್ತೆ, ಸ್ಕ್ರೂ ಹಿಡಿದುಕೊಳ್ಳುತ್ತೆ ಅಂತ ಯಾರೂ ಭಾಷೆ ಕೊಡೋಕಾಗಲ್ಲ. ಇನ್ನೊಂದು ದಾರಿ, ಕುಯ್ಯದೆ ಕೈನ ಕೊರಳಿಗೆ ಜೋಲಿ ಕಟ್ಟಿ ಬಿಡೋದು. ತಾನೇ ಕೂಡಿಕೊಳ್ಳುತ್ತೆ, ಸ್ವಲ್ಪ ಸೊಟ್ಟಗೆ."

"ಯಾವುದು ಮೇಲು ಸಾರ್?" ಎಂದು ಕೇಳಿದ ನಂಜುಂಡಪ್ಪ.

"ನಿಜ ಹೇಳಬೇಕು ಅಂದ್ರೆ ನನಗೂ ಗೊತ್ತಿಲ್ಲ ಕಣಪ್ಪ. ಆಪರೇಷನ್ ಆದವರಲ್ಲಿ ಕೈ ಬಂದವರನ್ನೂ ನೋಡಿದ್ದೀನಿ, ಬರದವರನ್ನೂ ನೋಡಿದ್ದೀನಿ. ಜೋಲಿ ಕಟ್ಟಿದವರಲ್ಲೂ ಹಾಗೇ."

ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಂಜುಂಡಪ್ಪ ಜನ್ಮದಲ್ಲಿ ನೋಡಿರಲಿಲ್ಲ. ಗೊತ್ತಿಲ್ಲದ ಮೇಲೆ ಇಷ್ಟು ದೂರ ಯಾಕೆ ಬರುತ್ತಾರೆ ಎಂದು ಅವನಿಗೆ ಸಿಟ್ಟೇ ಬಂತು. "ಕಿಬ್ಬನಳ್ಳಿ ಶ್ರೀರಂಗಯ್ಯನ ತೊಡೆಗೆ ಕಂಬಿ ಹಾಕಿದ್ರಲ್ಲ ಸಾರ್, ಈಗ ಸೈಕಲ್ ತುಳೀತಾನೆ" ಎಂದ.

"ತೊಡೆ ಬೇರೆ, ಭುಜ ಬೇರೆ. ತೊಡೆ ಭಾರ ಹೊರೋದು, ಭುಜ ಆಡೋದು. ಎರಡನ್ನೂ ಒಂದೇ ತಕ್ಕಡೀಲಿ ತೂಗೋಕಾಗಲ್ಲ."

ಮಗನಿಗೆ ಆಪರೇಷನ್ ಮಾಡಿಸುವ ಆಸೆ. ಅವ್ವನ ಕೈ ಅಂದರೆ ಮನೆಯ ಕೈ, ಅದಕ್ಕೆ ದೊಡ್ಡ ಊರಿನ ದೊಡ್ಡ ಚಿಕಿತ್ಸೆಯೇ ಆಗಬೇಕು ಎಂದು ಅವನ ಲೆಕ್ಕ. ಆದರೆ ಪುಟ್ಟಗೌರಮ್ಮ ಬೆಂಚಿನ ಮೇಲೆ ಕೂತಲ್ಲಿಂದಲೇ ತೀರ್ಮಾನ ಹೇಳಿದಳು. "ಕುಯ್ಯೋದು ಬ್ಯಾಡ ಕಣ್ಲಾ ನಂಜ. ಒಳಗೆ ಒಣಗೋಕೆ ಮುಂಚೆ ಕರಟ ಒಡೆದ್ರೆ ಕೊಬ್ಬರಿ ಸಿಕ್ತದಾ?" ಹೇಳಿದ್ದು ಇದು. ಹೇಳದೆ ಉಳಿಸಿಕೊಂಡದ್ದು ಬೇರೆ. ಮೂರ್ಛೆ ಮದ್ದು ಕೊಟ್ಟರೆ ತಾನು ಮತ್ತೆ ಕಣ್ಣು ಬಿಡುವುದಿಲ್ಲ ಎಂದು ಅವಳಿಗೆ ಜೀವ ಹಾರಿಹೋಗುವಷ್ಟು ಹೆದರಿಕೆಯಾಗಿತ್ತು.

"ನಾಳೆ ಕೈ ಬರದಿದ್ರೆ ನನ್ನ ಅನ್ನಬ್ಯಾಡ" ಎಂದು ಮಗ ಮುಖ ತಿರುಗಿಸಿದ.

ಜೋಲಿ ಕಟ್ಟುತ್ತಾ ಡಾಕ್ಟರು ಹೇಳಿದರು: "ಮೂರು ವಾರ ಅಲ್ಲಾಡಿಸಬೇಡಿ ಅಮ್ಮ. ಆಮೇಲೆ ಬನ್ನಿ, ಆಡಿಸೋದು ಹೇಳಿಕೊಡ್ತೀನಿ. ಕೂಡಿಸೋದು ದೇವರ ಕೆಲಸ ಅಂತಲೇ ಇಟ್ಕೊಳ್ಳಿ. ಆಡಿಸೋದು ನಿಮ್ಮ ಕೆಲಸ." ಪುಟ್ಟಗೌರಮ್ಮ ಈ ಮಾತಿನಲ್ಲಿ ಅಲ್ಲಾಡಿಸಬೇಡಿ ಎಂಬುದನ್ನು ಗಂಟು ಕಟ್ಟಿಕೊಂಡು ಮನೆಗೆ ತಂದಳು. ಮಿಕ್ಕದ್ದು ಆಸ್ಪತ್ರೆಯಲ್ಲೇ ಉಳಿಯಿತು.

ಮೊದಲ ದಿನಗಳು ನರಕ. ತೋಳಿನಲ್ಲಿ ಕಟ್ಟಿದ ರಕ್ತ ದಿನೇದಿನೇ ಕೆಳಗಿಳಿದು ಮೊಣಕೈವರೆಗೂ ನೇರಳೆ ಹಣ್ಣಿನ ಬಣ್ಣವಾಯಿತು. ಮಲಗಿದರೆ ಮೂಳೆ ಕಟಕಟ ಎನ್ನುತ್ತಿತ್ತು. ಗೋಡೆಗೆ ಮೂಟೆ ಒರಗಿಸಿ, ಅದಕ್ಕೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡಬೇಕು. ಎಡಗೈಯಲ್ಲಿ ಉಣ್ಣುವುದುಂಟೇ? ಹಾಗಾಗಿ ಚಿಕ್ಕಗಂಗಮ್ಮ ಎದುರಿಗೆ ಕೂತು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಡುತ್ತಿದ್ದಳು. ಅತ್ತೆ ಕಣ್ಣು ಬೇರೆ ಕಡೆ ಇಟ್ಟುಕೊಂಡು ನುಂಗುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಅವಳ ಗಂಟಲಲ್ಲಿ ಮುದ್ದೆಗಿಂತ ಮೊದಲೇ ಸಿಕ್ಕಿಕೊಳ್ಳುತ್ತಿತ್ತು.

ಆಮೇಲೆ ತಲೆ. ಬೆಳಿಗ್ಗೆ ಎದ್ದು ತಲೆ ಬಾಚಿ ತುರುಬು ಕಟ್ಟದೆ ಒಲೆಯ ಮುಂದೆ ಹೋದವಳಲ್ಲ ಪುಟ್ಟಗೌರಮ್ಮ. ಕೂದಲು ಬಿಚ್ಚಿಕೊಂಡು ಕೂತ ಹೆಂಗಸನ್ನು ಕಂಡರೆ ಸಾವಿನ ಮನೆ ನೆನಪಾಗುತ್ತದೆ ಎನ್ನುತ್ತಿದ್ದಳು. ಈಗ ಚಿಕ್ಕಗಂಗಮ್ಮ ದಿನಾ ಬೆಳಿಗ್ಗೆ ಗೋಡೆಯ ಗೂಡಿನಿಂದ ಬಾಚಣಿಗೆ ತೆಗೆದುಕೊಂಡು ಹಿಂದೆ ಕೂರುತ್ತಿದ್ದಳು. ಮೊದಲ ದಿನ ಎಳೆದು ಕಿತ್ತುಬಿಡುತ್ತಾಳೆ ಎಂದು ಅತ್ತೆ ಕುತ್ತಿಗೆ ಬಿಗಿಹಿಡಿದಿದ್ದಳು. ಹಾಗೇನೂ ಆಗಲಿಲ್ಲ. ಒಂದು ಕೈಯಲ್ಲಿ ಕೂದಲಿನ ಬುಡ ಹಿಡಿದುಕೊಂಡು, ತುದಿಯ ಸಿಕ್ಕನ್ನು ಎಳೆ ಎಳೆಯಾಗಿ ಬಿಡಿಸಿ, ಎಣ್ಣೆ ಸವರಿ, ನೋವಿನ ಭುಜಕ್ಕೆ ಗಾಳಿಯೂ ತಾಕದ ಹಾಗೆ ಬಾಚಿದಳು. ಒನಕೆ ಎಂದಿದ್ದ ಕೈ ಅದು. ಮದುವೆಯಾಗಿ ತವರು ಬಿಟ್ಟ ಮೇಲೆ ತನ್ನ ತಲೆಯನ್ನು ಇನ್ನೊಬ್ಬರು ಮುಟ್ಟಿದ್ದೇ ಇಲ್ಲ ಎಂದು ಪುಟ್ಟಗೌರಮ್ಮನಿಗೆ ಆಗ ಹೊಳೆಯಿತು, ಯಾಕೋ ಅಳು ಬಂತು. ನೋವು ಎಂದು ಹೇಳಿ ಕಣ್ಣೊರೆಸಿಕೊಂಡಳು.

ಹಿಂದೆ ಕೂತವರ ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಇರಬೇಕು, ಮಾತು ಶುರುವಾಯಿತು. ಮೊದಲು ಮಕ್ಕಳ ವಿಷಯ, ಆಮೇಲೆ ಹಂದನಕೆರೆಯ ವಿಷಯ. ಚಿಕ್ಕಗಂಗಮ್ಮನ ತಾಯಿ ಅವಳು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಸಾಕಿದ ಸೋದರತ್ತೆ ಕಳೆ ಕಿತ್ತ ಹಾಗೆ ತಲೆ ಬಾಚುತ್ತಿದ್ದಳಂತೆ. "ಅವ್ವ ಇದ್ದಿದ್ರೆ ಹೆಂಗೆ ಬಾಚ್ತಿದ್ಲೋ ಅಂತ ಅಂದ್ಕೊಂಡು ಬಾಚ್ತೀನಿ ಅತ್ತೆ" ಎಂದಳು ಒಂದು ದಿನ. ಪುಟ್ಟಗೌರಮ್ಮನಿಗೆ, ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಈ ಹುಡುಗಿಗೆ ತಾಯಿಯಿಲ್ಲ ಎಂಬುದನ್ನು ತಾನು ಒಂದು ಸಲವೂ ಯೋಚಿಸಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಬೆಳಗಾಗುವುದನ್ನೇ ಕಾಯುವಂತಾಯಿತು.

ಮೂರು ವಾರ ಕಳೆದು ಮಗನ ಜೊತೆ ಹೋದಾಗ ಡಾಕ್ಟರು ಆಡಿಸುವ ಬಗೆ ತೋರಿಸಿದರು. ಮುಂದಕ್ಕೆ ಬಗ್ಗಿ ನಿಂತು, ತೋಳನ್ನು ಇಳಿಬಿಟ್ಟು, ತೊಟ್ಟಿಲು ತೂಗಿದ ಹಾಗೆ ತೂಗಬೇಕು. ಆಮೇಲೆ ಗೋಡೆಯ ಮುಂದೆ ನಿಂತು ಬೆರಳುಗಳನ್ನು ಇರುವೆ ಹತ್ತಿಸಿದ ಹಾಗೆ ಮೇಲಕ್ಕೆ ಹತ್ತಿಸಬೇಕು. ಜೋಲಿಯನ್ನು ಮೆಲ್ಲಗೆ ಬಿಟ್ಟುಬಿಡಬೇಕು. ಮನೆಗೆ ಬಂದು ಪುಟ್ಟಗೌರಮ್ಮ ಒಂದು ಸಲ ತೂಗಿ ನೋಡಿದಳು. ಭುಜದೊಳಗೆ ಬೆಂಕಿ ಇಟ್ಟ ಹಾಗಾಯಿತು. ಅಷ್ಟೇ, ಜೋಲಿ ಮತ್ತೆ ಕೊರಳಿಗೆ ಏರಿತು.

"ಆಡಿಸಬೇಕು ಅಂದ್ರಂತಲ್ಲ ಅತ್ತೆ, ಅವರು ಹೇಳಿದ್ರು" ಎಂದು ಚಿಕ್ಕಗಂಗಮ್ಮ ಗಂಡನ ಮಾತು ತೆಗೆದಳು.

"ಅಟ್ಟದ ಕಾಯಿ ಯಾರಾದ್ರೂ ಆಡಿಸ್ತಾರೇನೇ? ಆಡಿಸಿದ್ರೆ ಒಳಗೇ ಕೊಳೀತದೆ. ಮೂಳೆನೂ ಅಂಗೇಯ. ಆದಾಗ ಅದೇ ಕರೀತದೆ."

ಅಟ್ಟದ ವಿಷಯದಲ್ಲಿ ಬೈಸಿಕೊಂಡು ಬೈಸಿಕೊಂಡು ದಣಿದಿದ್ದ ಸೊಸೆ ಎದುರಾಡಲಿಲ್ಲ. ಅಲ್ಲಾಡಬಾರದು ಎಂದಮೇಲೆ ಅಲ್ಲಾಡದ ಹಾಗೆ ನೋಡಿಕೊಳ್ಳುವುದು ತನ್ನ ಧರ್ಮ ಎಂದು ಲೋಟ ಕೂಡ ಎತ್ತಲು ಬಿಡಲಿಲ್ಲ. ಮುದ್ದೆ ಬಾಯಿಗೆ ಬಂತು, ನೀರು ಬಾಯಿಗೆ ಬಂತು, ಬಾಚಣಿಗೆ ತಲೆಗೆ ಬಂತು.

ಕಾಯಿಯ ಮಾತನ್ನು ಪುಟ್ಟಗೌರಮ್ಮ ನಂಬಿದ್ದಳು, ಸುಳ್ಳಲ್ಲ. ಆದರೆ ನಂಬಿಕೆಯ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನು ಅವಳು ತನಗೆ ತಾನೇ ಹೇಳಿಕೊಂಡವಳಲ್ಲ. ಕೈ ಬಂದರೆ ಬಾಚಣಿಗೆಯೂ ತನ್ನ ಕೈಗೆ ಬರುತ್ತದೆ. ಸೊಸೆ ಮತ್ತೆ ಅಡುಗೆಮನೆ ಸೇರುತ್ತಾಳೆ. "ಉಣ್ಣಿ ಅತ್ತೆ", "ನೀರು ಕಾದದೆ", ಮತ್ತೆ ಅದೇ. ಹಾಗೆ ಯೋಚನೆ ಬಂದಾಗಲೆಲ್ಲ ಅವಳು ಜೋಲಿಯ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತಿದ್ದಳು.

ಮಧ್ಯೆ ಕರೆದಾಗ ಆಸ್ಪತ್ರೆಗೆ ಹೋಗಲೂ ಇಲ್ಲ. ದಸರಾ ಕಳೆದ ಮೇಲೆ, ನೋವು ಹೋದರೂ ಕೈ ಏಳುತ್ತಿಲ್ಲವಲ್ಲ ಎಂದು ನಂಜುಂಡಪ್ಪನೇ ಹಟ ಹಿಡಿದ. ಅವನಿಗೆ ತೋಟದಲ್ಲಿ ಕಾಯಿ ಕೀಳಿಸುವ ಕೆಲಸವಿತ್ತು, ಹಾಗಾಗಿ ಚಿಕ್ಕಗಂಗಮ್ಮ ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು.

ಡಾಕ್ಟರು ಹೊಸ ಫೋಟೋ ನೋಡಿ, "ಮೂಳೆ ಚೆನ್ನಾಗಿ ಕೂಡಿದೆ" ಎಂದರು. ಪುಟ್ಟಗೌರಮ್ಮನ ಮುಖ ಅರಳಿತು. ಆಮೇಲೆ ಅವರು ತೋಳನ್ನು ಹಿಡಿದು ಎತ್ತಲು ನೋಡಿದರು. ತೋಳಿನ ಜೊತೆ ಹೆಗಲೇ ಎದ್ದು ಬಂತು, ನಡುವಿನ ಕೀಲು ತುಕ್ಕು ಹಿಡಿದ ಬಾಗಿಲ ಹಾಗೆ ಕದಲಲಿಲ್ಲ.

"ಹೇಳಿಕೊಟ್ಟ ಹಾಗೆ ಆಡಿಸಿದ್ರಾ ಅಮ್ಮ?"

"ದಿನಾ ಆಡಿಸ್ತೀನಿ ಸಾಮಿ."

ಡಾಕ್ಟರು ಸೊಸೆಯ ಕಡೆ ತಿರುಗಿದರು. "ಆಡಿಸ್ತಾರಾ?"

ಚಿಕ್ಕಗಂಗಮ್ಮ ಅತ್ತೆಯ ಮುಖ ನೋಡಿದಳು, ನೆಲ ನೋಡಿದಳು. "ಇಲ್ಲ" ಎಂದಳು.

"ಯಾರು ಉಣ್ಣಿಸೋದು? ತಲೆ ಬಾಚೋದು ಯಾರು?"

"ನಾನೇ."

"ನೋಡಿ ತಾಯಿ, ಬೇಜಾರು ಮಾಡ್ಕೋಬೇಡಿ. ಇವರ ಕೈ ಕೆಡಿಸ್ತಿರೋದು ನಿಮ್ಮ ಉಪಚಾರವೇ. ಇನ್ನು ಇದನ್ನ ಹೀಗೇ ಬಿಟ್ರೆ ಈ ಕೈ ಸೊಂಟದಿಂದ ಮೇಲಕ್ಕೆ ಏಳಲ್ಲ."

ಚಿಕ್ಕಗಂಗಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. "ಆವತ್ತೇ ಆಪರೇಷನ್ ಮಾಡಿಸಿದ್ರೆ ಹಿಂಗಾಗ್ತಿರಲಿಲ್ವೇನೋ" ಎಂದಳು, ಅರ್ಧ ತನಗೇ ಎಂಬಂತೆ.

"ಅದರಲ್ಲಿ ಏನೂ ತಪ್ಪು ಮಾಡಿಲ್ಲ ನೀವು. ಮಾಡಿಸಿದ್ರೂ ಈ ಕೆಲಸ ತಪ್ಪುತ್ತಿರಲಿಲ್ಲ. ಪ್ಲೇಟು ಹಾಕಿಸಿಕೊಂಡು ಆಡಿಸದೆ ಕೂತವರ ಭುಜವೂ ಹೀಗೇ ಹಿಡ್ಕೊಳ್ಳುತ್ತೆ. ಪೂರ್ತಿ ಬರುತ್ತೆ ಅಂತ ನಾನು ಹೇಳಲ್ಲ. ಆದ್ರೆ ಇನ್ನೂ ಕಾಲ ಮಿಂಚಿಲ್ಲ."

ವಾಪಸ್ಸು ಬಸ್ಸಿನಲ್ಲಿ, ಪರರ ಮುಂದೆ ತನ್ನನ್ನು ಸುಳ್ಳಿಯನ್ನಾಗಿ ಮಾಡಿದಳಲ್ಲ ಎಂದು ಪುಟ್ಟಗೌರಮ್ಮ ಒಳಗೇ ಕುದಿಯುತ್ತಿದ್ದಳು. ಚಿಕ್ಕಗಂಗಮ್ಮ ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ರಸ್ತೆಯ ಎರಡೂ ಕಡೆ ತೆಂಗಿನ ತೋಟಗಳು ಹಿಂದಕ್ಕೆ ಹೋಗುತ್ತಿದ್ದವು.

ಮಾರನೆಯ ಬೆಳಿಗ್ಗೆ ಪುಟ್ಟಗೌರಮ್ಮ ಎಂದಿನಂತೆ ಬೆನ್ನು ತಿರುಗಿಸಿ ಕೂತು ಕಾದಳು. ಚಿಕ್ಕಗಂಗಮ್ಮ ಹಿಂದೆ ಬಂದು ಕೂರಲಿಲ್ಲ. "ಬಾಚಣಿಗೆ ಗೂಡಲ್ಲಿ ಅದೆ ಅತ್ತೆ, ತಗೊಳಿ" ಎಂದು ಹೇಳಿ ಸಗಣಿ ಬಾಚಲು ಕೊಟ್ಟಿಗೆಗೆ ಹೋದಳು. ಮುದ್ದೆಯೂ ಬಾಯಿಗೆ ಬರಲಿಲ್ಲ. ತಟ್ಟೆ ಬಲಗಡೆ ನೆಲದ ಮೇಲೆ ಬಂತು. ಪ್ರತಿ ತುತ್ತಿಗೂ ಬಾಯಿಯೇ ಕೈಯ ಹತ್ತಿರ ಬಗ್ಗಬೇಕು. ಅರ್ಧ ಉಂಡಳು, ಅರ್ಧ ದನಕ್ಕೆ ಹೋಯಿತು. ಬಾಚಣಿಗೆಯನ್ನು ಎಡಗೈಯಲ್ಲಿ ತೆಗೆದುಕೊಂಡು ನೋಡಿದಳು. ಕೂದಲೆಳೆದಳು, ಸಿಕ್ಕು ಮಾಡಿಕೊಂಡಳು. ತುರುಬು ಒಂದು ಕೈಗೆ ಬಗ್ಗುವ ವಸ್ತುವಲ್ಲ. ಸೋತು ನೆಲದ ಮೇಲೆ ಬಿಟ್ಟ ಬಾಚಣಿಗೆಯನ್ನು ಚಿಕ್ಕಗಂಗಮ್ಮ ಎತ್ತಿ ಮತ್ತೆ ಗೂಡಿನಲ್ಲಿಟ್ಟಳು.

"ಏನ್ಲಾ ನಂಜ, ನಿನ್ ಹೆಂಡ್ತಿ ಮಾಡ್ತಿರೋದು ನೋಡ್ಲಾ" ಎಂದು ಮಗನಿಗೆ ಹೇಳಿದಳು. ನಂಜುಂಡಪ್ಪ ಒಳಗೆ ಹೋಗಿ ಜೋರು ಮಾಡಿದ. "ನೀವು ಇದರಲ್ಲಿ ಬರಬ್ಯಾಡ್ರಿ" ಎಂಬ ಉತ್ತರ ನಡುಮನೆಗೆ ಕೇಳಿಸಿತು. ಅವನು ಹೊರಗೆ ಬಂದು ಟವಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋದ. ಗಂಡಸರಿಗೆ ತೋಟ ಇರುವುದು ಇದಕ್ಕೇ.

ಹೀಗೆ ಕೆಲವು ದಿನ. ಪುಟ್ಟಗೌರಮ್ಮ ಬಿಚ್ಚಿದ ಕೂದಲಿನಲ್ಲಿ ಜಗಲಿಯ ಮೂಲೆ ಸೇರಿದಳು. ಒನಕೆ ಎಂದ ಮಾತಿಗೆ ಸೊಸೆ ಬಡ್ಡಿ ಸಮೇತ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು. ಬಾಚುತ್ತಾ ಹೇಳಿದ್ದೆಲ್ಲ, ತಾಯಿಯ ಮಾತು, ಹಂದನಕೆರೆಯ ಮಾತು, ಎಲ್ಲ ಸುಳ್ಳೇ? ಕೈ ಹೋದ ದುಃಖಕ್ಕಿಂತ ಇದು ದೊಡ್ಡದಾಗಿತ್ತು. ಗೋಡೆಗೆ ಮುಖ ಮಾಡಿಕೊಂಡು ಅತ್ತಳು.

ಇಂಥ ಹೊತ್ತಿಗೇ ಕಾದಿದ್ದವಳಂತೆ ರಾಮಕ್ಕ ಒಂದು ಬೆಳಿಗ್ಗೆ ತನ್ನದೇ ಬಾಚಣಿಗೆ, ಎಣ್ಣೆಯ ಬಟ್ಟಲು ಹಿಡಿದು ಬಂದಳು. "ಬಾ ಪುಟ್ಟಗೌರಿ, ನಾನು ಬಾಚ್ತೀನಿ. ಊರೆಲ್ಲ ನೋಡ್ತಾ ಅದೆ. ಅವತ್ತು ಏಣಿ ಬಿಟ್ಟೋಳು ಇವತ್ತು ನಿನ್ನ ಬುಡದೆ ಇರ್ತಾಳಾ?"

ಅಂಗಳ ಗುಡಿಸುತ್ತಿದ್ದ ಚಿಕ್ಕಗಂಗಮ್ಮನ ಪೊರಕೆ ನಿಂತಿತು. ಅವಳು ತಲೆ ಎತ್ತಿದಳು. ಪುಟ್ಟಗೌರಮ್ಮನ ಕಣ್ಣು ಅವಳ ಮುಖದ ಮೇಲೆ ಬಿತ್ತು. ಅದು ಸೇಡು ತೀರಿಸಿಕೊಳ್ಳುವವಳ ಮುಖವಾಗಿರಲಿಲ್ಲ. ಅವತ್ತು ಏಣಿಯ ಬುಡದಲ್ಲಿ ಕಂಡ ಬಿಳುಚಿದ ಮುಖ, ಅದೇ. ಆ ದಿನದಿಂದ ಈ ಹುಡುಗಿ ಊರಿನ ಮಾತನ್ನೆಲ್ಲ ನುಂಗಿಕೊಂಡು ಮುದ್ದೆ ಉಣ್ಣಿಸಿದ್ದಳು, ಒಂದು ಸಲವೂ, ನಿಜ ಹೇಳಿ ಅತ್ತೆ ಎಂದು ಕೇಳಿರಲಿಲ್ಲ.

"ಅವಳು ಏಣಿ ಬುಟ್ಟಿಲ್ಲ ಕಣೇ ರಾಮಕ್ಕ" ಎಂದಳು ಪುಟ್ಟಗೌರಮ್ಮ. ದನಿ ಅವಳಿಗೇ ಜೋರಾಗಿ ಕೇಳಿಸಿತು. "ಮೆಟ್ಲು ಮುರೀತು. ಗೆದ್ಲು ತಿಂದಿತ್ತು. ನಾನು ನೆಲಕ್ಕೆ ಬೀಳೋಗಂಟ ಅವಳು ಹಿಡ್ಕೊಂಡೇ ಇದ್ಲು. ಅವತ್ತೇ ಹೇಳಬೇಕಾಗಿತ್ತು, ಹೇಳ್ಲಿಲ್ಲ. ಈಗ್ಲೂ ಹಿಡ್ಕೊಂಡವ್ಳೆ, ನಂಗೇ ಗೊತ್ತಾಗ್ಲಿಲ್ಲ. ನೀನು ನಿನ್ ಬಾಚಣಿಗೆ ತಗೊಂಡು ಹೋಗವ್ವ."

ರಾಮಕ್ಕ ಹೋದಳು. ಪುಟ್ಟಗೌರಮ್ಮ ಕೊರಳಿನ ಜೋಲಿಯ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು, ಬರಲಿಲ್ಲ. ಚಿಕ್ಕಗಂಗಮ್ಮ ಪೊರಕೆ ಬಿಸಾಕಿ ಬಂದು ಬಿಚ್ಚಿದಳು. ಇಬ್ಬರೂ ಒಳಗೆ ಹೋಗಿ ಗೂಡಿನ ಕೆಳಗೆ, ಗೋಡೆಯ ಮುಂದೆ ನಿಂತರು.

ಆಮೇಲಿನದು ಸುಖದ ಕಥೆಯಲ್ಲ. ಗೋಡೆಯ ಮೇಲೆ ಬೆರಳು ಹತ್ತಿಸುವಾಗ ಪುಟ್ಟಗೌರಮ್ಮ ಡಾಕ್ಟರ ಮೂರು ತಲೆಮಾರನ್ನು ಬೈದಳು, ಗೆದ್ದಲನ್ನು ಬೈದಳು, ಸೊಸೆಯನ್ನೂ ಬಿಡಲಿಲ್ಲ. ಬೆರಳು ಎಲ್ಲಿ ನಿಂತಿತೋ ಅಲ್ಲಿ ಚಿಕ್ಕಗಂಗಮ್ಮ ಎಲೆಯಡಿಕೆಯ ಸುಣ್ಣದಿಂದ ಒಂದು ಗೀಟು ಹಾಕುತ್ತಿದ್ದಳು. ಕೆಲವು ದಿನ ಗೀಟು ನಿನ್ನೆಯದಕ್ಕಿಂತ ಕೆಳಗೇ ಬೀಳುತ್ತಿತ್ತು. ಅಂಥ ದಿನ ಅತ್ತೆ ಅನ್ನ ಬಿಟ್ಟು ಕೂರುತ್ತಿದ್ದಳು. "ಕಾಯಿನೇ ಬೇರೆ, ಮೂಳೆನೇ ಬೇರೆ. ಅರವತ್ತು ವರ್ಷ ಆದ್ಮೇಲೆ ನಂಗೆ ಬುದ್ಧಿ ಬಂತು" ಎನ್ನುತ್ತಿದ್ದಳು. ತಲೆಯನ್ನು ಮಾತ್ರ ಚಿಕ್ಕಗಂಗಮ್ಮ ಬಾಚಲಿಲ್ಲ. ಒಂದು ಬಟ್ಟೆಯ ತುಂಡಿನಲ್ಲಿ ಕೂದಲನ್ನು ಒಟ್ಟು ಮಾಡಿ ಕಟ್ಟಿಬಿಟ್ಟಳು, ಅಷ್ಟೇ. ಅತ್ತೆ ಕೇಳಲೂ ಇಲ್ಲ. ಆದರೆ ದಿನಾ ಬೆಳಿಗ್ಗೆ ಆ ಗೂಡನ್ನು ನೋಡಿದಾಗ ಒಳಗೆ ಏನೋ ಹಿಂಡುತ್ತಿತ್ತು. ಕೈ ಏರಿದಷ್ಟೂ ತನಗೆ ಬಾಚುವವರು ದೂರವಾಗುತ್ತಾರೆ ಎಂಬ ಹಳೆಯ ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ.

ಅಷ್ಟರಲ್ಲಿ ಅಟ್ಟದ ಹಳೆಯ ಕಾಯಿಗೆ ವರ್ಷ ತುಂಬಿತು. ಹೊಸ ಏಣಿ ಬಂತು, ಮಟ್ಟೆ ಸುಲಿದು ರಾಶಿ ಬಿತ್ತು. ಪುಟ್ಟಗೌರಮ್ಮ ಮಚ್ಚು ಹಿಡಿದು ನೋಡಿದಳು. ಎತ್ತಿದ ಕೈ ಅರ್ಧದಲ್ಲೇ ಜಾರಿತು. ಅವಳು ಮಚ್ಚನ್ನು ಸುಮ್ಮನೆ ನೋಡುತ್ತಾ ಕೂತಳು. ಆ ಕೈ ಇನ್ನು ಕರಟ ಒಡೆಯುವುದಿಲ್ಲ ಎಂದು ಅವತ್ತು ಅವಳಿಗೆ ಗೊತ್ತಾಯಿತು. ಆಮೇಲೆ ಮಚ್ಚಿನ ಹಿಡಿಯನ್ನು ಸೊಸೆಯ ಕಡೆ ತಿರುಗಿಸಿ ನೆಲದ ಮೇಲೆ ಇಟ್ಟು, "ಹೊಡೀಬ್ಯಾಡ, ತಟ್ಟು. ತಲೆ ಸಿಕ್ಕು ಬಿಡಿಸ್ತೀಯಲ್ಲ, ಅಷ್ಟೇ ಮೆತ್ತಗೆ" ಎಂದಳು. ಚಿಕ್ಕಗಂಗಮ್ಮ ಬಹಳ ಹೊತ್ತು ಮಚ್ಚು ಮುಟ್ಟಲಿಲ್ಲ. ಆಮೇಲೆ ಮುಟ್ಟಿದಳು. ಮೊದಲಿನ ಒಂದಷ್ಟು ಚೂರಾದವು. ಪುಟ್ಟಗೌರಮ್ಮ ನಾಲಿಗೆ ಕಚ್ಚಿಕೊಂಡು ಕೂತಳು, ಅವಳ ಮಟ್ಟಿಗೆ ಅದು ದೊಡ್ಡ ವ್ರತ.

ಸಂಕ್ರಾಂತಿ ಹತ್ತಿರ ಬಂದಾಗ ಸುಣ್ಣದ ಗೀಟು ಗೂಡಿನ ಅಂಚಿನ ಕೆಳಗೆ ಬಂದು ನಿಂತಿತು. ಅದಕ್ಕಿಂತ ಮೇಲೆ ಹತ್ತುವುದು ಕಷ್ಟ, ಈ ವಯಸ್ಸಿನಲ್ಲಿ ಇಷ್ಟು ಬಂದದ್ದೇ ಹೆಚ್ಚು, ಕುಯ್ಯಿಸಿದ್ದರೂ ಬಹುಶಃ ಇಷ್ಟೇ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಒಂದು ಬೆಳಿಗ್ಗೆ ಪುಟ್ಟಗೌರಮ್ಮ ಯಾರೂ ಇಲ್ಲದಾಗ ತುದಿಗಾಲಲ್ಲಿ ನಿಂತು ಬೆರಳು ಹತ್ತಿಸಿದಳು. ಬೆರಳ ತುದಿಗೆ ಬಾಚಣಿಗೆಯ ಹಲ್ಲು ತಾಕಿತು. ಗೀರಿ ಗೀರಿ ಎಳೆದಳು. ಅದು ಕೈಗೆ ಬರದೆ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡು, ಗೋಡೆಗೆ ಒರಗಿ ಕೂತು, ಕುತ್ತಿಗೆಯನ್ನು ಮೊಣಕಾಲಿನವರೆಗೂ ಬಗ್ಗಿಸಿ, ಹಲ್ಲು ಕಚ್ಚಿ ಬಾಚಿದಳು. ಬೆವರು ಇಳಿಯಿತು. ಕೊನೆಗೆ ಎಡ ಕಿವಿಯ ಹಿಂದೆ ಒಂದು ತುರುಬು ನಿಂತಿತು. ಬಾಚಣಿಗೆಯನ್ನು ಹಾಗೂ ಹೀಗೂ ಗೂಡಿಗೆ ತಳ್ಳಿ, ಹಿತ್ತಲಿಗೆ ಹೋದಳು.

ಚಿಕ್ಕಗಂಗಮ್ಮ ಕಲ್ಲಿನ ಮುಂದೆ ಕೂತು ಕರಟ ಒಡೆಯುತ್ತಿದ್ದಳು. ಪುಟ್ಟಗೌರಮ್ಮ ಅವಳ ಎದುರಿಗೆ ನಿಂತಳು. "ನೋಡವ್ವ, ನಾನೇ ಕಟ್ಕೊಂಡೆ. ಇನ್ನು ನಿಂಗೆ ಒಂದು ಕೆಲ್ಸ ಕಮ್ಮಿ ಆಯ್ತು ಬುಡು" ಎಂದಳು. ನಗಬೇಕೆಂದುಕೊಂಡಿದ್ದಳು, ನಗು ಬರಲಿಲ್ಲ.

ಚಿಕ್ಕಗಂಗಮ್ಮ ತಲೆ ಎತ್ತಿ ಆ ಸೊಟ್ಟ ತುರುಬನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಮಚ್ಚು ಕೆಳಗಿಟ್ಟು, ಕರಟದ ಪುಡಿ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಅತ್ತೆಯ ತುರುಬನ್ನು ಮೆಲ್ಲಗೆ ಬಿಚ್ಚಿದಳು.

"ಬಾಚಣಿಗೆ ಎಲ್ಲಿ?"

"ಗೂಡಲ್ಲೇ ಇಟ್ಟೆ."

"ಹೋಗಿ ತಗೊಂಡು ಬನ್ನಿ. ದಿನಾ ನೀವು ತಂದುಕೊಡಿ ಅತ್ತೆ, ದಿನಾ ನಾನು ಬಾಚ್ತೀನಿ."

ಪುಟ್ಟಗೌರಮ್ಮ ಒಳಗೆ ಹೋಗಿ ಗೋಡೆಯ ಮುಂದೆ ನಿಂತಳು. ಕೂದಲು ಬೆನ್ನ ಮೇಲೆಲ್ಲ ಹರಡಿತ್ತು. ಅಭ್ಯಾಸಬಲದಿಂದ ಎಡಗೈ ಮುಂದೆ ಬಂತು. ಅದನ್ನು ಸೊಂಟದ ಮೇಲೆ ಇಟ್ಟುಕೊಂಡು, ಬಲಗೈಯ ಬೆರಳುಗಳನ್ನು ಎಲ್ಲಕ್ಕಿಂತ ಕೆಳಗಿನ ಸುಣ್ಣದ ಗೀಟಿನ ಮೇಲೆ ಇಟ್ಟು, ಮೇಲಕ್ಕೆ ಹತ್ತಿಸತೊಡಗಿದಳು.